ಡಿವಿಆರ್ ಆಫೀಸಿನಲ್ಲಿ, ಮಾನಿಟರ್ ಗೇಟಿನಲ್ಲಿ: ನೆಟ್‌ವರ್ಕ್ ಕೇಬಲ್ ಮೇಲೆ ಸಿಸಿಟಿವಿ ಚಿತ್ರ ಕಳಿಸುವ ಸಮಗ್ರ ಮಾರ್ಗದರ್ಶಿ

ಅಪಾರ್ಟ್‌ಮೆಂಟ್‌ಗಳಲ್ಲಿ ಡಿವಿಆರ್, ಅಂದರೆ ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ, ಇರುವುದು ಅಸೋಸಿಯೇಷನ್ ಆಫೀಸಿನಲ್ಲೋ, ಮೀಟರ್ ಬೋರ್ಡ್ ಪಕ್ಕದ ಬೀಗ ಹಾಕಿದ ರೂಮಿನಲ್ಲೋ. ಹದಿನಾರು ಕ್ಯಾಮೆರಾದ ಚಿತ್ರ ಅಲ್ಲೇ ಒಂದು ಮಾನಿಟರ್ ಮೇಲೆ ಓಡುತ್ತಿರುತ್ತದೆ, ನೋಡುವವರು ಯಾರೂ ಇಲ್ಲ. ನೋಡಬೇಕಾದ ಸೆಕ್ಯುರಿಟಿ ಗೇಟಿನ ಕ್ಯಾಬಿನ್‌ನಲ್ಲಿ ಕೂತಿರುತ್ತಾರೆ. ಕಳ್ಳತನ ಆದಮೇಲೆ ರೆಕಾರ್ಡಿಂಗ್ ತೆಗೆದು ನೋಡುವುದಕ್ಕಷ್ಟೇ ಕ್ಯಾಮೆರಾ ಅಂತ ಆಗಿಬಿಡುತ್ತದೆ.

ಡಿವಿಆರ್ ಅನ್ನೇ ಗೇಟಿಗೆ ಸಾಗಿಸಬಾರದು. ರೆಕಾರ್ಡಿಂಗ್ ಪೆಟ್ಟಿಗೆ ಯಾರ ಕೈಗೂ ಸುಲಭವಾಗಿ ಸಿಗದ ಜಾಗದಲ್ಲೇ ಇರಬೇಕು. ಹಾಗಾದರೆ ಚಿತ್ರವನ್ನು ಮಾತ್ರ ಗೇಟಿಗೆ ಕಳಿಸಬೇಕು. ಉದ್ದನೆಯ ಎಚ್‌ಡಿಎಂಐ ಕೇಬಲ್ ಎಳೆದರೆ ಆಗಲ್ವಾ ಎಂದು ಎಲ್ಲರೂ ಕೇಳುತ್ತಾರೆ. 1080ಪಿ (1920 x 1080 ಚುಕ್ಕೆಗಳ) ಚಿತ್ರಕ್ಕೆ ಮಾಮೂಲಿ ಎಚ್‌ಡಿಎಂಐ ಕೇಬಲ್ ಹತ್ತರಿಂದ ಹದಿನೈದು ಮೀಟರ್‌ವರೆಗೆ ನಂಬಬಹುದು, ಅದೂ ದಪ್ಪನೆಯ ಒಳ್ಳೇ ಕೇಬಲ್ ಆದರೆ. ಅದಕ್ಕಿಂತ ದೂರಕ್ಕೆ ನೆಟ್‌ವರ್ಕ್ ಕೇಬಲ್ಲೇ ಗತಿ. ಅಗ್ಗ, ಎಲ್ಲೆಲ್ಲೂ ಸಿಗುತ್ತದೆ, ತೆಳ್ಳಗಿನ ಪೈಪಿನಲ್ಲೂ ಹೋಗುತ್ತದೆ, ತುದಿಗೆ ಪ್ಲಗ್ ನಾವೇ ಹಾಕಿಕೊಳ್ಳಬಹುದು. ಚಿತ್ರವನ್ನು ಈ ಕೇಬಲ್‌ಗೆ ಏರಿಸಿ ಇಳಿಸಲು ಎರಡು ತುದಿಗೂ ಒಂದೊಂದು ಡಬ್ಬಿ ಬೇಕು, ಅದೇ ಎಕ್ಸ್‌ಟೆಂಡರ್.

ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ಹೋಗೋಣ. 16 ಚಾನೆಲ್ ಡಿವಿಆರ್ ಗ್ರೌಂಡ್ ಫ್ಲೋರ್ ಆಫೀಸಿನಲ್ಲಿದೆ. ಗೇಟಿನ ಕ್ಯಾಬಿನ್‌ನಲ್ಲಿ 22 ಇಂಚಿನ ಮಾನಿಟರ್ ಬೇಕು. ಕಿಟಕಿಯಿಂದ ನೋಡಿದರೆ ದೂರ 25 ಮೀಟರ್.

ಬಾಕ್ಸ್ ಕೊಳ್ಳುವ ಮೊದಲು

ಆ 25 ಮೀಟರ್ ಲೆಕ್ಕಕ್ಕಿಲ್ಲ. ಕೇಬಲ್ ಡಿವಿಆರ್ ರ‍್ಯಾಕ್‌ನಿಂದ ಸೀಲಿಂಗ್‌ವರೆಗೆ ಹತ್ತಬೇಕು, ಪಾರ್ಕಿಂಗ್‌ನ ಬೀಮ್ ಪಕ್ಕ ಹೋಗಬೇಕು, ಕಾಂಪೌಂಡ್ ಗೋಡೆ ಹಿಡಿಯಬೇಕು, ಕ್ಯಾಬಿನ್ ಒಳಗೆ ಇಳಿಯಬೇಕು. ಎರಡೂ ತುದಿಯಲ್ಲಿ ಒಂದೊಂದೂವರೆ ಮೀಟರ್ ಹೆಚ್ಚಿಗೆ ಬಿಡಬೇಕು. ಟೇಪ್ ಹಿಡಿದು ಅದೇ ದಾರಿಯಲ್ಲಿ ಅಳೆಯಿರಿ. ನಮ್ಮ ಉದಾಹರಣೆಯಲ್ಲಿ ಅದು 38 ಮೀಟರ್ ಆಯಿತು ಎಂದಿಟ್ಟುಕೊಳ್ಳಿ. ಕೊಳ್ಳುವ ಸಾಮಾನೆಲ್ಲ ಈ 38ರ ಮೇಲೆ ನಿರ್ಧಾರವಾಗಬೇಕು.

ಆಮೇಲೆ ಕಮಿಟಿಯವರನ್ನು ಕೂರಿಸಿ ಒಂದು ಪ್ರಶ್ನೆ ಕೇಳಿ: ಗೇಟಿನಲ್ಲಿರುವವರು ಸುಮ್ನೆ ನೋಡಿದರೆ ಸಾಕಾ, ಅಥವಾ ಮೌಸ್ ಹಿಡಿದು ಕ್ಯಾಮೆರಾ ದೊಡ್ಡದು ಮಾಡುವುದು, ಹಿಂದಿನ ರೆಕಾರ್ಡಿಂಗ್ ತೆಗೆಯುವುದು ಇದೆಲ್ಲ ಬೇಕಾ? ಬರೀ ನೋಡುವುದಾದರೆ ಕೆಲಸ ಅರ್ಧ. ಮೌಸ್ ಬೇಕಾದರೆ ಯುಎಸ್‌ಬಿ ಕೂಡ ಸಾಗಿಸುವ ಎಕ್ಸ್‌ಟೆಂಡರ್ ಬೇಕು. ಅದಕ್ಕೆ ಕೆವಿಎಂ ಎಕ್ಸ್‌ಟೆಂಡರ್ ಎನ್ನುತ್ತಾರೆ. ಮಾಮೂಲಿ ಎಕ್ಸ್‌ಟೆಂಡರ್ ತಂದಮೇಲೆ ಮೌಸ್ ಸೇರಿಸಲು ಬರುವುದಿಲ್ಲ.

ಕ್ಯಾಬಿನ್‌ಗೆ ಈಗಾಗಲೇ ಇಂಟರ್ನೆಟ್ ಅಥವಾ ಇಂಟರ್‌ಕಾಮ್‌ಗೆಂದು ಲ್ಯಾನ್ ಕೇಬಲ್ ಹೋಗಿದೆಯಾ ಎಂದೂ ನೋಡಿ. ಹೋಗಿದ್ದರೆ ಹೊಸ ಕೇಬಲ್ ಎಳೆಯದೆಯೇ ಕೆಲಸ ಮುಗಿಯಬಹುದು. ಆ ದಾರಿಯನ್ನು ಕೊನೆಯ ಹೊತ್ತಿಗೆ ಹೇಳುತ್ತೇನೆ.

ಆರ್‌ಜೆ45 ಇದ್ದ ಮಾತ್ರಕ್ಕೆ ನೆಟ್‌ವರ್ಕ್ ಆಗುವುದಿಲ್ಲ

ಈ ಕೆಲಸದಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹೋಗಿ "ಎಚ್‌ಡಿಎಂಐ ಎಕ್ಸ್‌ಟೆಂಡರ್ ಕೊಡಿ" ಎಂದರೆ ನಾಲ್ಕು ಬೇರೆ ಬೇರೆ ಸಾಮಾನುಗಳನ್ನು ಅದೇ ಹೆಸರಲ್ಲಿ ಮುಂದಿಡುತ್ತಾರೆ. ನಾಲ್ಕಕ್ಕೂ ಆರ್‌ಜೆ45, ಅಂದರೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ತೂತು ಇರುತ್ತದೆ. ಒಳಗೆ ನಡೆಯುವ ಕೆಲಸ ಮಾತ್ರ ಬೇರೆ ಬೇರೆ.

ಮೊದಲನೆಯದು ಕರೆಂಟ್ ಅಡಾಪ್ಟರ್ ಇಲ್ಲದ, ಎರಡು ಕೇಬಲ್ ಬೇಡುವ ಪುಟ್ಟ ಡಬ್ಬಿ. ಎಚ್‌ಡಿಎಂಐನಲ್ಲಿ 19 ಪಿನ್ ಇರುತ್ತವೆ. ಚಿತ್ರ ಹೋಗುವುದು ನಾಲ್ಕು ಜೋಡಿ ತಂತಿಯಲ್ಲಿ: ಮೂರು ಜೋಡಿ ಡೇಟಾ, ಒಂದು ಜೋಡಿ ಕ್ಲಾಕ್. ಒಂದು ನೆಟ್‌ವರ್ಕ್ ಕೇಬಲ್‌ನಲ್ಲಿ ಇರುವುದೂ ನಾಲ್ಕೇ ಜೋಡಿ, ಅಲ್ಲಿಗೆ ಅದು ಭರ್ತಿ. ಮಾನಿಟರ್ ತನ್ನ ರೆಸಲ್ಯೂಷನ್ ಹೇಳುವ ತಂತಿ, 5 ವೋಲ್ಟ್, ಮಾನಿಟರ್ ಸಿಕ್ಕಿಸಿದೆ ಎಂದು ತಿಳಿಸುವ ತಂತಿ, ಇವಕ್ಕೆಲ್ಲ ಎರಡನೇ ಕೇಬಲ್ ಬೇಕು. ಡಬ್ಬಿ ಮೇಲೆ 30 ಮೀಟರ್ ಎಂದು ಬರೆದಿರುತ್ತದೆ. 1080ಪಿಗೆ ಹದಿನೈದು ಮೀಟರ್ ದಾಟಿದರೆ ನಾನು ಇದನ್ನು ನಂಬುವುದಿಲ್ಲ. ನಮ್ಮ 38 ಮೀಟರ್‌ಗೆ ಇದು ಬೇಡವೇ ಬೇಡ.

ಎರಡನೆಯದು ಅಡಾಪ್ಟರ್ ಇರುವ, ಒಂದೇ ಕೇಬಲ್ ಸಾಕಾಗುವ ಜೋಡಿ. ಒಂದು ಡಬ್ಬಿ ಮೇಲೆ ಟಿಎಕ್ಸ್, ಇನ್ನೊಂದರ ಮೇಲೆ ಆರ್‌ಎಕ್ಸ್ ಎಂದಿರುತ್ತದೆ. ಟಿಎಕ್ಸ್ ಕಳಿಸುವುದು, ಆರ್‌ಎಕ್ಸ್ ಪಡೆಯುವುದು. 50 ಅಥವಾ 60 ಮೀಟರ್ ಎಂದು ಮಾರುವ ಎಕ್ಸ್‌ಟೆಂಡರ್‌ಗಳಲ್ಲಿ ಹೆಚ್ಚಿನವು ಇವೇ. ಕಂಪನಿ ಹೇಳುವ ದೂರದಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕುವುದು ನನ್ನ ಪದ್ಧತಿ. 60 ಮೀಟರ್ ಎಂದರೆ 40. ನಮ್ಮ ಕೆಲಸಕ್ಕೆ ಸರಿಯಾಗುತ್ತದೆ.

ಮೂರನೆಯದು ಎಚ್‌ಡಿಬೇಸ್‌ಟಿ. 2010ರಲ್ಲಿ ಎಲ್‌ಜಿ, ಸ್ಯಾಮ್‌ಸಂಗ್, ಸೋನಿ ಪಿಕ್ಚರ್ಸ್ ಮತ್ತು ವೇಲೆನ್ಸ್ ಸೇರಿ ಮುಂದೆ ತಂದ ತಂತ್ರಜ್ಞಾನ ಇದು. ಒಂದೇ ಕೇಬಲ್‌ನಲ್ಲಿ 100 ಮೀಟರ್‌ವರೆಗೆ 1080ಪಿ ಚಿತ್ರ ಹೋಗುತ್ತದೆ. ಬೆಲೆ ಜಾಸ್ತಿ. ಒಮ್ಮೆ ಹಾಕಿ ಮರೆಯಬೇಕು ಎನ್ನುವವರಿಗೆ ಇದೇ ಸರಿ.

ಈ ಮೂರೂ ನೇರ ಸಂಪರ್ಕದವು. ಟಿಎಕ್ಸ್‌ನಿಂದ ಆರ್‌ಎಕ್ಸ್‌ಗೆ ಕೇಬಲ್ ನಡುವೆ ಏನೂ ಇಲ್ಲದೆ ಹೋಗಬೇಕು. ಕೇಬಲ್‌ನಲ್ಲಿ ಓಡುವುದು ಕಂಪ್ಯೂಟರ್ ನೆಟ್‌ವರ್ಕ್‌ನ ಡೇಟಾ ತುಣುಕು, ಅಂದರೆ ಎತರ್ನೆಟ್ ಪ್ಯಾಕೆಟ್ ಅಲ್ಲ, ಬೇರೆಯದೇ ಸಿಗ್ನಲ್. ಇದನ್ನು ತಂದು ನೆಟ್‌ವರ್ಕ್ ಸ್ವಿಚ್‌ಗೋ (ಹಲವು ಲ್ಯಾನ್ ಕೇಬಲ್ ಸೇರಿಸುವ ಡಬ್ಬಿ) ರೂಟರ್‌ಗೋ ಸಿಕ್ಕಿಸಿದರೆ ಚಿತ್ರ ಬರುವುದಿಲ್ಲ. ಕೆಲವು ಡಬ್ಬಿಗಳು ಇನ್ನೊಂದು ತುದಿಗೆ ಕರೆಂಟನ್ನೂ ಅದೇ ಕೇಬಲ್‌ನಲ್ಲಿ ಕಳಿಸುತ್ತವೆ, ಅಂಥದ್ದನ್ನು ಸಿಕ್ಕಿಸಿದರೆ ಸ್ವಿಚ್‌ನ ಪೋರ್ಟ್ ಹಾಳಾಗುವ ಸಾಧ್ಯತೆಯೂ ಇದೆ.

ನಾಲ್ಕನೆಯದು ಮಾತ್ರ ನಿಜವಾದ ನೆಟ್‌ವರ್ಕ್ ಸಾಮಾನು: ಐಪಿ ಎಕ್ಸ್‌ಟೆಂಡರ್. ಚಿತ್ರವನ್ನು ಒತ್ತಿ ಚಿಕ್ಕದು ಮಾಡಿ ಪ್ಯಾಕೆಟ್ ಆಗಿ ಕಳಿಸುತ್ತದೆ. ಸ್ವಿಚ್ ಮೂಲಕ ಹೋಗುತ್ತದೆ. ಒಂದು ಟಿಎಕ್ಸ್‌ಗೆ ಹಲವು ಆರ್‌ಎಕ್ಸ್ ಹಾಕಿ ಗೇಟಿನಲ್ಲೊಂದು, ಕ್ಲಬ್‌ಹೌಸ್‌ನಲ್ಲೊಂದು ಮಾನಿಟರ್ ಇಡಬಹುದು. ಆದರೆ ಇವುಗಳಲ್ಲಿ ಅನೇಕವು ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಒಂದೇ ಡೇಟಾವನ್ನು ಹಲವರಿಗೆ ಒಟ್ಟಿಗೆ ಕಳಿಸುತ್ತವೆ. ಅಗ್ಗದ ಸ್ವಿಚ್ ಆ ಡೇಟಾವನ್ನು ಎಲ್ಲ ಪೋರ್ಟ್‌ಗೂ ಸುರಿಯುತ್ತದೆ, ಆಫೀಸಿನ ವೈಫೈ ತೆವಳಲು ಶುರುಮಾಡುತ್ತದೆ. ಐಜಿಎಂಪಿ ಸ್ನೂಪಿಂಗ್ (ಬೇಕಾದ ಪೋರ್ಟ್‌ಗೆ ಮಾತ್ರ ಕಳಿಸುವ ಗುಣ) ಇರುವ ಸ್ವಿಚ್ ಹಾಕಿ, ಇಲ್ಲವೇ ಎಕ್ಸ್‌ಟೆಂಡರ್‌ಗೇ ಪ್ರತ್ಯೇಕ ಸ್ವಿಚ್ ಇಡಿ.

ವಿಜಿಎ ಎಂಬ ಹಳೆಯ ಮಾನಿಟರ್ ಪೋರ್ಟ್‌ಗೂ ಎಕ್ಸ್‌ಟೆಂಡರ್‌ಗಳು ಸಿಗುತ್ತವೆ. ಕೆಂಪು, ಹಸಿರು, ನೀಲಿ ಮೂರು ಬಣ್ಣ ಮೂರು ಜೋಡಿಯಲ್ಲಿ ಹೋಗುತ್ತವೆ. ಕೇಬಲ್‌ನ ಪ್ರತಿ ಜೋಡಿಯ ಹುರಿ ಬೇರೆ ಬೇರೆ ಬಿಗಿ ಇರುವುದರಿಂದ ಒಳಗಿನ ತಂತಿಯ ಉದ್ದವೂ ಬೇರೆಯಾಗುತ್ತದೆ. ದೂರ ಹೆಚ್ಚಾದಂತೆ ಅಕ್ಷರಗಳ ಪಕ್ಕ ಬಣ್ಣದ ನೆರಳು ಬೀಳುತ್ತದೆ. ಇನ್ನೂ ಹಳೆಯ ದಾರಿ, ಡಿವಿಆರ್‌ನ ಬಿಎನ್‌ಸಿ (ದುಂಡನೆಯ ಕೊಂಡಿಯ) ವಿಡಿಯೋ ಔಟ್‌ಗೆ ಬಲೂನ್ ಎಂಬ ಪುಟ್ಟ ಜೋಡಣೆ ಹಾಕಿ ಒಂದೇ ಜೋಡಿ ತಂತಿಯಲ್ಲಿ ಕಳಿಸುವುದು. ಬಲೂನ್ 75 ಓಮ್‌ನ ಸಿಗ್ನಲ್ಲನ್ನು 100 ಓಮ್‌ನ ನೆಟ್‌ವರ್ಕ್ ಕೇಬಲ್‌ಗೆ ಹೊಂದಿಸುತ್ತದೆ. ಇನ್ನೂರು ಮೀಟರ್ ಆರಾಮಾಗಿ ಹೋಗುತ್ತದೆ. ಆದರೆ ಇಡೀ ಚಿತ್ರವೇ 704 x 576. ಹದಿನಾರು ಭಾಗ ಮಾಡಿದರೆ ಒಂದು ಕ್ಯಾಮೆರಾಗೆ 176 x 144. ಯಾರೋ ಬಂದರು ಎಂದು ತಿಳಿಯುತ್ತದೆ, ಯಾರು ಎಂದು ತಿಳಿಯುವುದಿಲ್ಲ.

ನಮ್ಮ ಉದಾಹರಣೆಗೆ ಎರಡನೆಯದನ್ನು ಆರಿಸಿಕೊಂಡು ಮುಂದೆ ಹೋಗೋಣ. ಒಂದು ಮಾತು ನೆನಪಿರಲಿ: ಟಿಎಕ್ಸ್ ಮತ್ತು ಆರ್‌ಎಕ್ಸ್ ಒಂದೇ ಮಾದರಿಯ ಜೋಡಿಯಾಗಿರಬೇಕು. ಒಂದು ಕೆಟ್ಟಿತು ಎಂದು ಬೇರೆ ಕಂಪನಿಯ ಆರ್‌ಎಕ್ಸ್ ತಂದರೆ ಕೆಲಸ ಮಾಡುವುದಿಲ್ಲ.

ಕೇಬಲ್: ದುಡ್ಡು ಇಲ್ಲಿ ಹಾಕಿ

1080ಪಿ ಚಿತ್ರ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಹೋದಾಗ ಎಚ್‌ಡಿಎಂಐನ ಒಂದೊಂದು ಡೇಟಾ ಜೋಡಿಯಲ್ಲೂ ಸೆಕೆಂಡಿಗೆ ಸುಮಾರು 1.5 ಗಿಗಾಬಿಟ್ ಓಡುತ್ತದೆ. ಇಷ್ಟು ವೇಗಕ್ಕೆ ಕೇಬಲ್‌ನ ಗುಣವೇ ಎಲ್ಲ. ದುಬಾರಿ ಡಬ್ಬಿ ತಂದು ಕಳಪೆ ಕೇಬಲ್ ಹಾಕಿದರೆ ಡಬ್ಬಿಯ ದುಡ್ಡು ದಂಡ.

ಕ್ಯಾಟ್6 ದರ್ಜೆಯ ನೆಟ್‌ವರ್ಕ್ ಕೇಬಲ್, ಪೂರ್ತಿ ತಾಮ್ರ, ಗಟ್ಟಿ ತಂತಿಯದ್ದು ಕೇಳಿ. ಅಂಗಡಿಯಲ್ಲಿ ಸಿಸಿಎ ಎಂಬ ಅಗ್ಗದ ಮಾಲೂ ಸಿಗುತ್ತದೆ. ಅದು ಅಲ್ಯೂಮಿನಿಯಂ ತಂತಿಯ ಮೇಲೆ ತಾಮ್ರದ ಲೇಪ. ಪೆಟ್ಟಿಗೆ ಮೇಲೆ ಕ್ಯಾಟ್6 ಎಂದೇ ಅಚ್ಚಾಗಿರುತ್ತದೆ, ನೋಡಲು ವ್ಯತ್ಯಾಸ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ. ಒಂದು ತಂತಿಯ ಸಿಪ್ಪೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ತಾಮ್ರವಾದರೆ ಒಳಗೂ ಕೆಂಪು. ಸಿಸಿಎ ಆದರೆ ಎರಡು ಸಲ ಕೆರೆದಾಗ ಬೆಳ್ಳಗಿನ ಹೊಳಪು ಕಾಣುತ್ತದೆ. ಅದೇ ಜಾಗದಲ್ಲಿ ನಾಲ್ಕೈದು ಸಲ ಹಿಂದೆ ಮುಂದೆ ಬಗ್ಗಿಸಿದರೆ ಸಿಸಿಎ ಬೇಗ ಮುರಿಯುತ್ತದೆ. 305 ಮೀಟರ್ ಪೆಟ್ಟಿಗೆಯನ್ನು ಎತ್ತಿದರೂ ತಿಳಿಯುತ್ತದೆ, ತಾಮ್ರದ್ದು ಕೈ ಎಳೆಯುತ್ತದೆ.

ಕೇಬಲ್ ಬಿಸಿಲಿಗೆ ಬೀಳುವ ಕಡೆ ಕಪ್ಪು ಹೊರಕವಚದ, ಹೊರಾಂಗಣಕ್ಕೆಂದೇ ಮಾಡಿದ ಕೇಬಲ್ ಹಾಕಿ. ಮಾಮೂಲಿ ಬೂದು ಬಣ್ಣದ ಕೇಬಲ್ ಕಾಂಪೌಂಡ್ ಮೇಲೆ ಕೆಲವು ಬೇಸಿಗೆ ಕಂಡರೆ ಸಿಪ್ಪೆ ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಒಳಗೆ ಇಳಿಯುತ್ತದೆ. ನೆಲದಡಿ ಹೋಗುವುದಾದರೆ ಪೈಪ್ ಬೇಕೇ ಬೇಕು, ಜೆಲ್ ತುಂಬಿದ ಕೇಬಲ್ ಆದರೆ ಇನ್ನೂ ಒಳ್ಳೆಯದು.

ಪೈಪಿನಲ್ಲಿ ಒಂದರ ಬದಲು ಎರಡು ಕೇಬಲ್ ಎಳೆಯಿರಿ. ಕೂಲಿ ಅಷ್ಟೇ ಆಗುತ್ತದೆ. ನಾಳೆ ಇಂಟರ್‌ಕಾಮ್ ಬೇಕು, ಗೇಟಿಗೆ ಇಂಟರ್ನೆಟ್ ಬೇಕು ಎಂದಾಗ ಉಪಯೋಗಕ್ಕೆ ಬರುತ್ತದೆ.

ಮೇಜಿನ ಮೇಲೆ ಒಮ್ಮೆ ಓಡಿಸಿ ನೋಡಿ

ಗೋಡೆಗೆ ಮೊಳೆ ಹೊಡೆಯುವ ಮುಂಚೆ ಎಲ್ಲವನ್ನೂ ಡಿವಿಆರ್ ಪಕ್ಕದಲ್ಲೇ ಜೋಡಿಸಿ. ಡಿವಿಆರ್‌ನಿಂದ ಟಿಎಕ್ಸ್‌ಗೆ ಎಚ್‌ಡಿಎಂಐ, ಟಿಎಕ್ಸ್‌ನಿಂದ ಆರ್‌ಎಕ್ಸ್‌ಗೆ ಅಂಗಡಿಯಲ್ಲಿ ಸಿಗುವ ಒಂದು ಮೀಟರ್ ರೆಡಿಮೇಡ್ ನೆಟ್‌ವರ್ಕ್ ಕೇಬಲ್, ಆರ್‌ಎಕ್ಸ್‌ನಿಂದ ಮಾನಿಟರ್‌ಗೆ ಇನ್ನೊಂದು ಎಚ್‌ಡಿಎಂಐ.

ಅದಕ್ಕೂ ಮೊದಲು ಡಿವಿಆರ್ ಮೆನುವಿನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಔಟ್‌ಪುಟ್ ರೆಸಲ್ಯೂಷನ್ ನೋಡಿ. ಈಗಿನ ಡಿವಿಆರ್, ಎನ್‌ವಿಆರ್‌ಗಳಲ್ಲಿ (ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡಿಂಗ್ ಪೆಟ್ಟಿಗೆ) ಅನೇಕವು 4ಕೆ ಕೊಡಬಲ್ಲವು. ಹಳೆಯ ಮಾನಿಟರ್ 4ಕೆ ಆಗಿದ್ದು ಡಿವಿಆರ್ 4ಕೆಯಲ್ಲೇ ನಿಂತಿದ್ದರೆ, 1080ಪಿಯ ಎಕ್ಸ್‌ಟೆಂಡರ್ ಹಾಕಿದ ಕೂಡಲೇ ಪರದೆ ಕಪ್ಪಾಗುತ್ತದೆ. ಕಪ್ಪಾದಮೇಲೆ ಮೆನುವೂ ಕಾಣುವುದಿಲ್ಲ. ಹಾಗಾಗಿ ಹಳೆಯ ಮಾನಿಟರ್ ಸಿಕ್ಕಿಸಿರುವಾಗಲೇ 1920 x 1080, 60 ಹರ್ಟ್ಸ್‌ಗೆ ಇಳಿಸಿ ಸೇವ್ ಮಾಡಿ.

ಅನೇಕ ಡಿವಿಆರ್‌ಗಳು ಎಚ್‌ಡಿಎಂಐ ಮತ್ತು ವಿಜಿಎ ಎರಡರಲ್ಲೂ ಒಟ್ಟಿಗೆ ಒಂದೇ ಚಿತ್ರ ಕೊಡುತ್ತವೆ. ಎಚ್‌ಡಿಎಂಐ ಗೇಟಿಗೆ, ವಿಜಿಎ ಆಫೀಸಿನ ಮಾನಿಟರ್‌ಗೆ ಇಟ್ಟುಕೊಳ್ಳಬಹುದು. ನಿಮ್ಮ ಡಿವಿಆರ್‌ನಲ್ಲಿ ಹಾಗಾಗುವುದಿಲ್ಲ ಎಂದಾದರೆ ಟಿಎಕ್ಸ್ ಮೇಲೆ ಇನ್ನೊಂದು ಎಚ್‌ಡಿಎಂಐ ಔಟ್ ಇರುವ ಮಾದರಿ ಕೇಳಿ.

ಆನ್ ಮಾಡುವ ಕ್ರಮವೂ ಮುಖ್ಯ. ಮೊದಲು ಮಾನಿಟರ್, ಆಮೇಲೆ ಆರ್‌ಎಕ್ಸ್, ಟಿಎಕ್ಸ್, ಕೊನೆಗೆ ಡಿವಿಆರ್. ಡಿವಿಆರ್ ಏಳುವಾಗ ಎದುರಿಗೆ ಯಾವ ಮಾನಿಟರ್ ಇದೆ ಎಂದು ವಿಚಾರಿಸುತ್ತದೆ, ಆಗ ಉತ್ತರ ಕೊಡಲು ಎಲ್ಲರೂ ಎಚ್ಚರವಿರಬೇಕು. ಇಲ್ಲಿ ಚಿತ್ರ ಬಂತು ಎಂದರೆ ಡಬ್ಬಿಗಳು ಸರಿ ಇವೆ. ಮುಂದೆ ಏನೇ ತೊಂದರೆ ಆದರೂ ಮೊದಲ ಅನುಮಾನ ಕೇಬಲ್ ಮೇಲೆ.

ಕೇಬಲ್ ಎಳೆಯುವುದು

ಕರೆಂಟ್ ವೈರ್ ಇರುವ ಪೈಪಿನಲ್ಲೇ ತುರುಕಬೇಡಿ. ಎಲೆಕ್ಟ್ರಿಷಿಯನ್ "ಏನೂ ಆಗಲ್ಲ ಸಾರ್" ಎನ್ನುತ್ತಾರೆ. ಆಗುತ್ತದೆ. ಜೀವಕ್ಕೂ ಅಪಾಯ, ಚಿತ್ರಕ್ಕೂ ತೊಂದರೆ. ಬೇರೆ ಪೈಪ್ ಹಾಕಿ, ನಡುವೆ ಒಂದಡಿಯಷ್ಟು ಅಂತರ ಬಿಡಿ. ದಾಟಲೇಬೇಕಾದ ಕಡೆ ನೇರ ಅಡ್ಡವಾಗಿ ದಾಟಿಸಿ. ಲಿಫ್ಟ್ ಮೋಟರ್, ನೀರಿನ ಪಂಪ್, ಜನರೇಟರ್ ಇವುಗಳಿಂದ ಆದಷ್ಟು ದೂರ ಇರಲಿ.

ಎರಡು ಕೇಬಲ್‌ಗೆ 25 ಮಿಲಿಮೀಟರ್ ಪೈಪ್ ಆರಾಮಾಗಿ ಸಾಲುತ್ತದೆ. ತಿರುವಿನಲ್ಲಿ ಚೂಪು ಎಲ್ಬೋ ಬೇಡ, ಉದ್ದ ಬೆಂಡ್ ಹಾಕಿ. ಪೈಪಿನಲ್ಲಿ ಸಿಕ್ಕಿಕೊಂಡರೆ ಇಬ್ಬರು ನಿಂತು ಜಗ್ಗಬೇಡಿ. ಇಂಥ ಕೇಬಲ್‌ಗೆ ಹನ್ನೊಂದು ಕಿಲೋ ತೂಕದಷ್ಟು ಎಳೆತವೇ ಮಿತಿ. ಅದಕ್ಕಿಂತ ಜಾಸ್ತಿ ಜಗ್ಗಿದರೆ ಹೊರಗೆ ಏನೂ ಕಾಣದಿದ್ದರೂ ಒಳಗಿನ ಹುರಿ ಹಿಗ್ಗಿ ಹಾಳಾಗುತ್ತದೆ. ಟೈ ಹಾಕುವಾಗಲೂ ಕೇಬಲ್ ಚಪ್ಪಟೆಯಾಗುವಷ್ಟು ಬಿಗಿಯಬೇಡಿ.

ನಡುವೆ ಜಾಯಿಂಟ್ ಇರಬಾರದು. ಎರಡು ತುಂಡು ಕೇಬಲ್‌ಗೆ ಕಪ್ಲರ್ ಹಾಕಿ ಸೇರಿಸಿದರೆ ಇಂಟರ್ನೆಟ್ ಓಡಬಹುದು. ನೇರ ಎಕ್ಸ್‌ಟೆಂಡರ್‌ಗಳಿಗೆ ಅದು ಸರಿಹೋಗುವುದಿಲ್ಲ.

ಪ್ಲಗ್ ಹಾಕುವುದು

ಹೊರಸಿಪ್ಪೆ ಮೂರು ಸೆಂಟಿಮೀಟರ್‌ನಷ್ಟು ತೆಗೆಯಿರಿ. ಕ್ಯಾಟ್6 ಆದರೆ ನಡುವೆ ಪ್ಲಾಸ್ಟಿಕ್‌ನ ಅಡ್ಡಗೋಡೆ ಇರುತ್ತದೆ, ಅದನ್ನು ಬುಡದವರೆಗೆ ಕತ್ತರಿಸಿ. ಎಂಟು ತಂತಿಯನ್ನು ಈ ಕ್ರಮದಲ್ಲಿ ಹರಡಿ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಇದು 568ಬಿ ಕ್ರಮ. ಪ್ಲಗ್‌ನ ಕೊಂಡಿ ಕೆಳಗೆ, ಚಿನ್ನದ ಬಣ್ಣದ ಪಿನ್ ಮೇಲೆ, ತಂತಿ ನಿಮ್ಮ ಕಡೆಯಿಂದ ಒಳಗೆ ಹೋಗುವ ಹಾಗೆ ಹಿಡಿದರೆ ಎಡಗಡೆಯಿಂದ ಒಂದನೆಯದು. ಎರಡೂ ತುದಿಗೆ ಇದೇ ಕ್ರಮ.

ನೀಲಿ ಜೋಡಿ ನಡುವೆ ಬಂದು ಹಸಿರು ಜೋಡಿ ಅದರ ಆಚೆ ಈಚೆ ಹೋಗುವುದು ವಿಚಿತ್ರ ಅನ್ನಿಸುತ್ತದೆ ಅಲ್ವಾ? ಕೆಲವರು ಅದಕ್ಕೇ "ನೀಟಾಗಿ" ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಸಾಲಾಗಿ ಎರಡೂ ತುದಿಗೆ ಒಂದೇ ಥರ ಹಾಕುತ್ತಾರೆ. ಮಾರ್ಕೆಟ್ಟಿನ ಪುಟ್ಟ ಟೆಸ್ಟರ್‌ಗೆ ಹಾಕಿದರೆ ಒಂದರಿಂದ ಎಂಟರವರೆಗೆ ಹಸಿರು ದೀಪ ಸರಿಯಾಗೇ ಹೊತ್ತುತ್ತದೆ. ಆದರೂ ಚಿತ್ರ ಬರುವುದಿಲ್ಲ. ಸಿಗ್ನಲ್ ಹೋಗುವುದು 1-2, 3-6, 4-5, 7-8 ಎಂಬ ಜೋಡಿಗಳಲ್ಲಿ. ಒಂದು ಜೋಡಿಯ ಎರಡೂ ತಂತಿ ಒಂದಕ್ಕೊಂದು ಸುತ್ತಿಕೊಂಡೇ ಹೋಗಬೇಕು, ಆಗ ಹೊರಗಿನ ಗಲಾಟೆ ಎರಡರ ಮೇಲೂ ಸಮವಾಗಿ ಬಿದ್ದು ಕಳೆದುಹೋಗುತ್ತದೆ. "ನೀಟ್" ಕ್ರಮದಲ್ಲಿ 3ನೇ ಪಿನ್‌ಗೆ ಹಸಿರು ಜೋಡಿಯ ತಂತಿ, 6ಕ್ಕೆ ನೀಲಿ ಜೋಡಿಯ ತಂತಿ ಬೀಳುತ್ತದೆ. ತಂತಿ ಮುಟ್ಟಿದೆಯಾ ಎಂದು ಟೆಸ್ಟರ್ ಹೇಳುತ್ತದೆ. ಯಾರ ಜತೆ ಯಾರು ಹುರಿಗೂಡಿದ್ದಾರೆ ಎಂದು ಹೇಳುವುದಿಲ್ಲ. ಹಾಗಾಗಿ ದೀಪ ಹೊತ್ತಿದರೂ ಬಣ್ಣದ ಕ್ರಮವನ್ನು ಕಣ್ಣಾರೆ ಇನ್ನೊಮ್ಮೆ ನೋಡಿ.

ಹುರಿ ಬಿಚ್ಚುವುದು ಪ್ಲಗ್‌ಗೆ ಬೇಕಾದಷ್ಟೇ ಇರಲಿ, ಒಂದು ಸೆಂಟಿಮೀಟರ್ ಚಿಲ್ಲರೆ. ತಂತಿಗಳ ತುದಿಯನ್ನು ನೇರವಾಗಿ ಕತ್ತರಿಸಿ ಒಳಗೆ ತಳ್ಳಿದಾಗ ಪ್ಲಗ್‌ನ ಮುಂಭಾಗದ ಗಾಜಿನಂಥ ಪ್ಲಾಸ್ಟಿಕ್ ಒಳಗಿಂದ ಎಂಟು ತಾಮ್ರದ ಚುಕ್ಕೆ ಕಾಣಬೇಕು. ಏಳು ಕಂಡರೆ ಕ್ರಿಂಪ್ ಮಾಡಬೇಡಿ, ಅಂದರೆ ಇಕ್ಕಳದಿಂದ ಪ್ಲಗ್ ಒತ್ತಬೇಡಿ. ಹೊರಸಿಪ್ಪೆಯೂ ಪ್ಲಗ್ ಒಳಗೆ ಸೇರಿ ಅದರ ಹಿಂಬದಿಯ ಒತ್ತಿ ಹಿಡಿಯುವ ಪಟ್ಟಿಯ ಕೆಳಗೆ ಬರಬೇಕು, ಇಲ್ಲದಿದ್ದರೆ ಯಾರೋ ಕೇಬಲ್ ತಾಗಿಸಿದಾಗ ತಂತಿಯೇ ಭಾರ ಹೊರುತ್ತದೆ. ಕ್ಯಾಟ್6 ತಂತಿ ದಪ್ಪ. ಅದಕ್ಕೆ ಕ್ಯಾಟ್6 ಪ್ಲಗ್ಗೇ ಕೇಳಿ ತನ್ನಿ.

ಗೇಟಿನ ತುದಿ

ಕ್ಯಾಬಿನ್‌ನಲ್ಲಿ ಆರ್‌ಎಕ್ಸ್ ಡಬ್ಬಿಯನ್ನು ಮಾನಿಟರ್ ಹಿಂದೆ ಅಂಟಿಸಿ, ಆದರೆ ಗಾಳಿ ಆಡಲಿ. ಶೀಟ್ ಹೊದಿಸಿದ ಕ್ಯಾಬಿನ್ ಮಧ್ಯಾಹ್ನ ಕಾದ ಕಾವಲಿ, ಒಳಗೆ ಈ ಡಬ್ಬಿಗಳೂ ಬಿಸಿಯಾಗುತ್ತವೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಎರಡು ಗಂಟೆಗೆ ಪರದೆ ಮಿಟುಕುತ್ತಿದ್ದರೆ ಸೆಕೆಯನ್ನೇ ಅನುಮಾನಿಸಿ.

ಕರೆಂಟ್ ಹೋದಾಗ ಡಿವಿಆರ್ ಯುಪಿಎಸ್ ಮೇಲೆ ಓಡುತ್ತದೆ, ಗೇಟಿನ ಮಾನಿಟರ್ ಆರಿಹೋಗುತ್ತದೆ. ಸೆಕ್ಯುರಿಟಿಗೆ ಚಿತ್ರ ಜಾಸ್ತಿ ಬೇಕಾಗಿರುವುದೇ ಆಗ. ಕ್ಯಾಬಿನ್‌ಗೂ ಒಂದು ಚಿಕ್ಕ ಯುಪಿಎಸ್ ಇಡಿ. ಒಂದೇ ಅಡಾಪ್ಟರ್‌ನಿಂದ ಎರಡೂ ಡಬ್ಬಿಗೆ ಕರೆಂಟ್ ಕೊಡುವ ಎಕ್ಸ್‌ಟೆಂಡರ್ ಸಿಕ್ಕರೆ ಇಲ್ಲಿ ಅನುಕೂಲ.

ಮಾನಿಟರ್ ಮುಖ ರಸ್ತೆ ಕಡೆ, ಬಂದವರ ಕಡೆ ತಿರುಗಿರಬಾರದು. ಯಾವ ಮೂಲೆಯಲ್ಲಿ ಕ್ಯಾಮೆರಾ ಇಲ್ಲ ಎಂಬುದನ್ನು ನೀವೇ ತೋರಿಸಿದಂತಾಗುತ್ತದೆ. ಯಾರ ಮನೆಗೆ ಯಾರು ಬಂದರು ಎಂಬುದೂ ಡೆಲಿವರಿಗೆ ಬಂದವರಿಗೆಲ್ಲ ಕಾಣುತ್ತದೆ.

ಹದಿನಾರೂ ಕ್ಯಾಮೆರಾವನ್ನು ತೋರಿಸುವ ಹಟ ಬೇಡ. 1080ಪಿ ಪರದೆಯನ್ನು ಹದಿನಾರು ಮಾಡಿದರೆ ಒಂದಕ್ಕೆ 480 x 270 ಸಿಗುತ್ತದೆ. ನಾಲ್ಕು ಮಾಡಿದರೆ 960 x 540. ಗೇಟು, ಹಿಂಬದಿ ಕಾಂಪೌಂಡ್, ಪಾರ್ಕಿಂಗ್ ದಾರಿ, ಲಿಫ್ಟ್ ಮುಂದೆ, ಈ ನಾಲ್ಕು ಇಟ್ಟರೆ ಮನುಷ್ಯ ನಿಜವಾಗಿ ನೋಡುತ್ತಾನೆ.

ಮೌಸ್ ಕೊಡುವುದಾದರೆ

ಕೆವಿಎಂ ಎಕ್ಸ್‌ಟೆಂಡರ್‌ನ ಟಿಎಕ್ಸ್‌ನಿಂದ ಡಿವಿಆರ್‌ನ ಯುಎಸ್‌ಬಿಗೆ ಒಂದು ಕೇಬಲ್ ಹೋಗುತ್ತದೆ, ಆರ್‌ಎಕ್ಸ್‌ನಲ್ಲಿ ಮೌಸ್ ಸಿಕ್ಕಿಸುತ್ತೀರಿ. ತಾಂತ್ರಿಕವಾಗಿ ಇಷ್ಟೇ. ನಿಜವಾದ ತಲೆನೋವು ಪಾಸ್‌ವರ್ಡ್. ಅಡ್ಮಿನ್‌ನಲ್ಲಿ ಲಾಗಿನ್ ಆಗಿ ಬಿಟ್ಟ ಡಿವಿಆರ್‌ಗೆ ಗೇಟಿನಲ್ಲಿ ಮೌಸ್ ಇದ್ದರೆ, ರೆಕಾರ್ಡಿಂಗ್ ನಿಲ್ಲಿಸುವುದಕ್ಕೂ ಹಾರ್ಡ್ ಡಿಸ್ಕ್ ಅಳಿಸುವುದಕ್ಕೂ ನಾಲ್ಕು ಕ್ಲಿಕ್ ಸಾಕು. ಸೆಕ್ಯುರಿಟಿಗೆ ಬೇರೆ ಯೂಸರ್ ಮಾಡಿ. ಲೈವ್ ನೋಡಲು, ಬೇಕಾದರೆ ಪ್ಲೇಬ್ಯಾಕ್‌ಗೆ ಮಾತ್ರ ಅನುಮತಿ ಕೊಡಿ. ಐದು ನಿಮಿಷ ಮೌಸ್ ಅಲ್ಲಾಡದಿದ್ದರೆ ತಾನೇ ಲಾಗೌಟ್ ಆಗುವ ಸೆಟ್ಟಿಂಗ್ ಹಾಕಿ.

ಚಿತ್ರ ಸರಿ ಬರದಿದ್ದರೆ

ಪರದೆ ತುಂಬ ಬಿಳಿ ಚುಕ್ಕೆ ಮಿಣುಕುತ್ತಿದ್ದರೆ ಸಿಗ್ನಲ್ ಅಂಚಿನಲ್ಲಿದೆ ಎಂದರ್ಥ. ಕ್ರಿಂಪ್ ಮತ್ತೆ ಮಾಡಿ ನೋಡಿ. ಚಿತ್ರ ಎರಡು ಸೆಕೆಂಡು ಹೋಗಿ ಬರುತ್ತಿದ್ದರೂ ಅದೇ ಕಾಯಿಲೆ, ಸ್ವಲ್ಪ ಜೋರಾಗಿದೆ. ಕೇಬಲ್ ಬದಲಿಸಲು ಆಗುವುದಿಲ್ಲ ಎನ್ನುವ ಸ್ಥಿತಿ ಇದ್ದರೆ ಡಿವಿಆರ್ ಔಟ್‌ಪುಟ್ಟನ್ನು 720ಪಿಗೆ ಇಳಿಸಿ. ತಂತಿಯ ಮೇಲಿನ ವೇಗ ಅರ್ಧವಾಗುತ್ತದೆ. ರೆಕಾರ್ಡಿಂಗ್ ಮೇಲೆ ಇದರ ಪರಿಣಾಮ ಇಲ್ಲ, ಅದು ತನ್ನ ಪೂರ್ತಿ ಗುಣದಲ್ಲೇ ಉಳಿಯುತ್ತದೆ. ಗೇಟಿನಲ್ಲಿ ನೋಡುವವರಿಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ನನ್ನ ಕೇಳಿದರೆ, ಅಲುಗಾಡುವ 1080ಪಿಗಿಂತ ನಿಂತ 720ಪಿ ಮೇಲು.

ಚಿತ್ರವೇ ಇಲ್ಲ, ಆದರೆ ಮೇಜಿನ ಮೇಲೆ ಬಂದಿತ್ತು ಎಂದರೆ ಆರ್‌ಎಕ್ಸ್ ಅನ್ನು ತಂದು ಮತ್ತೆ ಆ ಒಂದು ಮೀಟರ್ ಕೇಬಲ್‌ಗೆ ಹಾಕಿ. ಬಂದರೆ ತಪ್ಪು ಎಳೆದ ಕೇಬಲ್‌ನದ್ದು. ಲಿಫ್ಟ್ ಅಥವಾ ಪಂಪ್ ಶುರುವಾದಾಗ ಮಾತ್ರ ಚಿತ್ರ ಹೋಗುತ್ತದೆಯೇ? ಕೇಬಲ್ ದಾರಿ ನೋಡಿ. ಟಿಎಕ್ಸ್ ಅಡಾಪ್ಟರನ್ನು ಯುಪಿಎಸ್‌ಗೆ ಬದಲಿಸಿಯೂ ನೋಡಿ.

ಕ್ಯಾಬಿನ್‌ಗೆ ಲ್ಯಾನ್ ಇದ್ದರೆ

ಆಗ ಎಚ್‌ಡಿಎಂಐ ಸಾಗಿಸುವ ಗೋಜೇ ಬೇಡ. ಡಿವಿಆರ್ ಹೇಗೂ ನೆಟ್‌ವರ್ಕ್‌ನಲ್ಲಿದೆ. ಗೇಟಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಅಥವಾ ಮಿನಿ ಪಿಸಿ ಇಟ್ಟು ಡಿವಿಆರ್ ಕಂಪನಿಯ ಸಾಫ್ಟ್‌ವೇರ್ ಹಾಕಿ. ಹಿಕ್‌ವಿಷನ್‌ಗೆ ಐವಿಎಂಎಸ್-4200, ದಹುವಾಗೆ ಸ್ಮಾರ್ಟ್‌ಪಿಎಸ್‌ಎಸ್ ಲೈಟ್ ಇವೆ. ಆಫೀಸಿನ ಮಾನಿಟರ್‌ನಲ್ಲಿ ಹದಿನಾರು, ಗೇಟಿನಲ್ಲಿ ನಾಲ್ಕು ಎಂದು ಬೇರೆ ಬೇರೆ ಜೋಡಣೆ ಇಟ್ಟುಕೊಳ್ಳಬಹುದು. ನೇರ ಎಕ್ಸ್‌ಟೆಂಡರ್‌ನಲ್ಲಿ ಈ ಅನುಕೂಲ ಇಲ್ಲ, ಎರಡೂ ಕಡೆ ಒಂದೇ ಚಿತ್ರ. ಬದಲಿಗೆ ಇಲ್ಲಿ ಚಿತ್ರ ಒಂದು ಸೆಕೆಂಡ್ ಅಥವಾ ಇನ್ನೂ ಸ್ವಲ್ಪ ತಡವಾಗಿ ಬರುತ್ತದೆ. ಗೇಟಿಗೆ ಅದೇನೂ ಸಮಸ್ಯೆಯಲ್ಲ.

ಡಿವಿಆರ್‌ಗೆ ಐಪಿ ವಿಳಾಸ ಬದಲಾಗದಂತೆ ಕಟ್ಟಿಡಿ. ಆಮೇಲೆ ಸಬ್ ಸ್ಟ್ರೀಮ್, ಅಂದರೆ ಅದೇ ಕ್ಯಾಮೆರಾದ ಚಿಕ್ಕ, ಹಗುರ ಚಿತ್ರವನ್ನು ಬಳಸಿ. ಮುಖ್ಯ ಸ್ಟ್ರೀಮ್ ಒಂದಕ್ಕೆ 4 ಎಂಬಿಪಿಎಸ್ ಎಂದರೆ ಹದಿನಾರಕ್ಕೆ 64 ಆಯಿತು, ಹಳೆಯ ಲ್ಯಾಪ್‌ಟಾಪ್ ಉಸಿರು ಕಟ್ಟುತ್ತದೆ. ಸಬ್ ಸ್ಟ್ರೀಮನ್ನು 512 ಕೆಬಿಪಿಎಸ್‌ಗೆ ಇಟ್ಟರೆ ಹದಿನಾರೂ ಸೇರಿ 8 ಎಂಬಿಪಿಎಸ್. ಅದರ ಕೋಡೆಕ್ (ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ವಿಧಾನ) ಎಚ್.264 ಇರಲಿ, ಹಳೆಯ ಯಂತ್ರಗಳು ಎಚ್.265 ಅನ್ನು ಸುಲಭವಾಗಿ ಬಿಡಿಸುವುದಿಲ್ಲ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಾಕುವವರಿಗೆ ಇಲ್ಲೊಂದು ತಮಾಷೆ ಇದೆ: ಪೈ 4 ತನ್ನ ಹಾರ್ಡ್‌ವೇರ್‌ನಲ್ಲೇ ಎಚ್.264 ಬಿಡಿಸುತ್ತದೆ, ಹೊಸ ಪೈ 5ರಲ್ಲಿ ಆ ಸೌಲಭ್ಯ ತೆಗೆದು ಎಚ್.265ಗೆ ಮಾತ್ರ ಉಳಿಸಿದ್ದಾರೆ.

ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ನೇರವಾಗಿ ನೋಡುವುದಾದರೆ ಡಿವಿಆರ್‌ನ ಆರ್‌ಟಿಎಸ್‌ಪಿ (ಲೈವ್ ವಿಡಿಯೋ) ವಿಳಾಸ ಬೇಕು, ಪೋರ್ಟ್ ಸಾಮಾನ್ಯವಾಗಿ 554. ಹಿಕ್‌ವಿಷನ್‌ನಲ್ಲಿ ವಿಳಾಸದ ಕೊನೆಯ 101 ಎಂದರೆ ಒಂದನೇ ಕ್ಯಾಮೆರಾದ ಮುಖ್ಯ ಸ್ಟ್ರೀಮ್, 102 ಎಂದರೆ ಅದರ ಸಬ್ ಸ್ಟ್ರೀಮ್. ಎರಡನೇ ಕ್ಯಾಮೆರಾಗೆ 201, 202. ದಹುವಾದಲ್ಲಿ ಸಬ್‌ಟೈಪ್ 0 ಮುಖ್ಯ, 1 ಸಬ್. ಇಷ್ಟಕ್ಕೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡುವ ಅಗತ್ಯವೇ ಇಲ್ಲ. ಯಾರಾದರೂ ಮಾಡೋಣ ಎಂದರೆ ಬೇಡ ಎನ್ನಿ, ಡಿವಿಆರ್ ಹೊರಗಿನ ಇಂಟರ್ನೆಟ್‌ಗೆ ತೆರೆದುಕೊಳ್ಳುತ್ತದೆ.

ನೂರು ಮೀಟರ್ ದಾಟಿದರೆ, ಸಿಡಿಲಿನ ಊರಾದರೆ

ಎತರ್ನೆಟ್‌ಗೆ ತಾಮ್ರದ ಕೇಬಲ್‌ನಲ್ಲಿ 100 ಮೀಟರ್ ಮಿತಿ. ನಡುವೆ ಕರೆಂಟ್ ಸಿಗುವ ಜಾಗ ಇದ್ದರೆ ಒಂದು ಸ್ವಿಚ್ ಇಟ್ಟು ಇನ್ನೊಂದು ನೂರು ಹೋಗಬಹುದು. ಮಲೆನಾಡಿನ ತೋಟದ ಮನೆ, ಅಡಿಕೆ ಗೋದಾಮು, ಎಸ್ಟೇಟ್ ಗೇಟು ಇಂಥ ಕಡೆ ಮಾತ್ರ ನಾನು ತಾಮ್ರ ಎಳೆಯಲು ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಉದ್ದನೆಯ ತಂತಿಯಲ್ಲಿ ವೋಲ್ಟೇಜ್ ಏರುತ್ತದೆ. ಎತರ್ನೆಟ್ ಪೋರ್ಟ್‌ನಲ್ಲಿ 1500 ವೋಲ್ಟ್ ತಡೆಯುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಸಿಡಿಲಿನ ಎದುರು ಅದು ಏನೇನೂ ಅಲ್ಲ. ನೇರ ಎಕ್ಸ್‌ಟೆಂಡರ್‌ಗಳಲ್ಲಿ ಅಷ್ಟು ರಕ್ಷಣೆಯನ್ನೂ ನಂಬುವಂತಿಲ್ಲ. ಡಬ್ಬಿಯ ಜತೆ ಡಿವಿಆರ್‌ನ ಎಚ್‌ಡಿಎಂಐ ಪೋರ್ಟೂ ಹೋಗುತ್ತದೆ. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆ ಇದ್ದರೆ ಸಿಡಿಲಿಲ್ಲದೆಯೂ ತೊಂದರೆ ಬರಬಹುದು.

ಇಂಥ ಕಡೆ ಗಾಜಿನ ಎಳೆಯಲ್ಲಿ ಬೆಳಕಾಗಿ ಡೇಟಾ ಸಾಗಿಸುವ ಫೈಬರ್ ಎಳೆಯಿರಿ. ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿದರೆ ಆಚೆಗೆ ಮಾಮೂಲಿ ಲ್ಯಾನ್ ಸಿಗುತ್ತದೆ, ಮೇಲೆ ಹೇಳಿದ ಲ್ಯಾಪ್‌ಟಾಪ್ ದಾರಿ ಹಾಗೇ ಕೆಲಸ ಮಾಡುತ್ತದೆ. ಸಿಂಗಲ್ ಮೋಡ್ ಫೈಬರ್‌ಗೆ ಕಿಲೋಮೀಟರ್‌ಗಳೂ ದೂರವಲ್ಲ. ಗಾಜು ಕರೆಂಟ್ ಹರಿಸುವುದಿಲ್ಲ. ಆದರೆ ಕೊಳ್ಳುವಾಗ ನೋಡಿ, ಕಂಬದಿಂದ ಕಂಬಕ್ಕೆ ಎಳೆಯುವ ಕೆಲವು ಫೈಬರ್ ಕೇಬಲ್‌ಗಳಲ್ಲಿ ಆಸರೆಗೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯೊಳಗೆ ತರಬೇಡಿ. ಗೋಡೆಯ ಹೊರಗೇ ಉಕ್ಕನ್ನು ಕತ್ತರಿಸಿ, ಫೈಬರ್ ಎಳೆಯನ್ನು ಮಾತ್ರ ಒಳಗೆ ಬಿಡಿ.